ಕೊನೆಯ ಕಂಬದ ಬೆಳಕು

ಮದರ್‌ಬೋರ್ಡ್ ಅನ್ನುವ ಹೆಸರಿನಲ್ಲೇ ತಾಯಿ ಇದ್ದಾಳೆ. ಹಾಗಂತ ಬಂದವರಿಗೆಲ್ಲ ಬಡಿಸುವಷ್ಟು ಅನ್ನ ಅವಳ ಗಡಿಗೆಯಲ್ಲಿ ಇರುತ್ತದೆ ಅಂದುಕೊಳ್ಳಬೇಡಿ. ಈಗಿನ ಕಂಪ್ಯೂಟರುಗಳ ಮದರ್‌ಬೋರ್ಡಿನ ಅಂಚಿನಲ್ಲಿ ಬಣ್ಣದ ದೀಪಗಳಿಗೆಂದೇ ನಾಲ್ಕು ಪಿನ್ನಿನ ಪುಟ್ಟ ಜಾಗವೊಂದು ಇರುತ್ತದೆ. ಪೆಟ್ಟಿಗೆಯೊಳಗೆ ಒಂದೆರಡು ಮೊಳದ ಎಲ್‌ಇಡಿ ಪಟ್ಟಿ ಮಿನುಗಲಿ ಅಂತ ಕೊಟ್ಟದ್ದು. 12 ವೋಲ್ಟ್; ಬೋರ್ಡಿಗೆ ತಕ್ಕಂತೆ 2 ಅಥವಾ 3 ಆಂಪಿಯರ್. ಅಷ್ಟೇ ಅದರ ಯೋಗ್ಯತೆ.

ಆದರೆ ಅಂಗಡಿಯಲ್ಲಿ ಪಟ್ಟಿ ಮೊಳದ ಲೆಕ್ಕದಲ್ಲಿ ಸಿಗುವುದಿಲ್ಲ. ಹೈದರಾಬಾದಿನ ಟ್ರೂಪ್ ಬಜಾರಿಗೆ ಹೋದರೆ 5 ಮೀಟರಿನ ಸುರುಳಿಯನ್ನೇ ಕೈಗಿಡುತ್ತಾರೆ. ಇಲ್ಲಿ ನಾರಾಯಣಗೂಡದಲ್ಲಿ ನಮ್ಮ ಮನೆ ಹತ್ತಿರದ ಹಾಸ್ಟೆಲಿನಲ್ಲಿ ನಮ್ಮ ಕಡೆಯ ಹುಡುಗನೊಬ್ಬ ಓದುತ್ತಿದ್ದಾನೆ. ದೀಪಾವಳಿಗೆ ಮುಂಚೆ ಅಂಥದೊಂದು ಸುರುಳಿ ಹಿಡಿದು ಬಂದು, "ಕಾಕಾ, ಇದನ್ನ ಸೀದಾ ಮದರ್‌ಬೋರ್ಡಿಗೇ ಸಿಗಿಸಿದ್ರ ನಡೀತದೇನ್ರಿ?" ಅಂದ. ಕಾಗದದ ಮೇಲೆ ಲೆಕ್ಕ ಹಾಕಿಸಿದೆ. ಮೀಟರಿಗೆ 60 ದೀಪ ಇರುವ ಸಾಮಾನ್ಯ ಬಣ್ಣದ ಪಟ್ಟಿ ಪೂರ್ತಿ ಬಿಳಿ ಉರಿದರೆ ಮೀಟರಿಗೆ 14.4 ವ್ಯಾಟ್ ತಿನ್ನುತ್ತದೆ. 5 ಮೀಟರಿಗೆ 72 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 6 ಆಂಪಿಯರ್. ಬೋರ್ಡ್ ಕೊಡುವುದರ ಎರಡು ಮೂರು ಪಟ್ಟು! ಬೋರ್ಡಿನ ಮೇಲಿನ ಕೂದಲೆಳೆಯಂಥ ತಾಮ್ರದ ದಾರಿ ಅದನ್ನು ತಡೆಯುವುದಿಲ್ಲ, ಸುಟ್ಟೀತು.

ಇನ್ನೊಂದು ತೊಂದರೆಯೂ ಇದೆ, ನನಗೆ ಬರೆಯಬೇಕೆನಿಸಿದ್ದು ಅದರ ಬಗ್ಗೆಯೇ. ಸಾಕಷ್ಟು ಕರೆಂಟ್ ಇದ್ದರೂ ಉದ್ದದ ಪಟ್ಟಿಯ ಕೊನೆ ಮಂಕಾಗುತ್ತದೆ. ಪಟ್ಟಿಯೊಳಗಿನ ತಾಮ್ರ ತೆಳು. ದೂರ ಹೋದಷ್ಟೂ ವೋಲ್ಟೇಜ್ ಸೋರಿ ಹೋಗುತ್ತದೆ. ರಾಯಚೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ ಅಂದರೆ ಸಾಕು. ಮೇಲಿನವರ ಗದ್ದೆಯಲ್ಲಿ ಭತ್ತ ನಿಂತಿರುತ್ತದೆ, ಕೆಳಗಿನವರು ಕಾಲುವೆಯ ಏರಿ ಮೇಲೆ ನಿಂತಿರುತ್ತಾರೆ.

ಈ ತಾಪತ್ರಯ ಹೊಸದಲ್ಲ ನೋಡಿ, ಕರೆಂಟಿನಷ್ಟೇ ಹಳೆಯದು. 1882ರ ಸೆಪ್ಟೆಂಬರ್ 4ರಂದು ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಿಂದ ಬಲ್ಬುಗಳಿಗೆ ಕರೆಂಟ್ ಹರಿಸಿದ. ಸುಮಾರು 110 ವೋಲ್ಟಿನ ನೇರ ವಿದ್ಯುತ್. ಮೈಲಿ ದಾಟುವ ಹೊತ್ತಿಗೆ ಅದರ ಉಸಿರು ಕಟ್ಟುತ್ತಿತ್ತು. ಊರೆಲ್ಲ ಬೆಳಗಬೇಕಾದರೆ ಮೈಲಿಗೊಂದು ಕಾರ್ಖಾನೆ ಕಟ್ಟಬೇಕು. ಹೊಳೆ, ಜಲಪಾತ ಊರಿನಿಂದ ದೂರ ಇದ್ದರಂತೂ ಕೈಚೆಲ್ಲಿ ಕೂರಬೇಕು.

ದಾರಿ ತೋರಿಸಿದ್ದು ಪರ್ಯಾಯ ವಿದ್ಯುತ್ ಮತ್ತು ಟ್ರಾನ್ಸ್‌ಫಾರ್ಮರ್. ವೋಲ್ಟೇಜನ್ನು ಏರಿಸಿದರೆ ಅಷ್ಟೇ ಶಕ್ತಿಗೆ ಕಡಿಮೆ ಕರೆಂಟ್ ಸಾಕು. ಕರೆಂಟ್ ಅರ್ಧವಾದರೆ ತಂತಿಯಲ್ಲಿ ಸೋರುವುದು ನಾಲ್ಕನೇ ಒಂದು ಭಾಗಕ್ಕಿಳಿಯುತ್ತದೆ. ತಲುಪಿದ ಮೇಲೆ ವೋಲ್ಟೇಜ್ ಮತ್ತೆ ಇಳಿಸಿಕೊಂಡರಾಯಿತು. 1896ರಲ್ಲಿ ನಯಾಗರಾದ ಕರೆಂಟ್ ಹೀಗೇ ಬಫೆಲೋ ನಗರ ಮುಟ್ಟಿತು. ಅದು ಸುಮಾರು 40 ಕಿಲೋಮೀಟರ್.

ಈಗ ನಮ್ಮ ಶಿವನಸಮುದ್ರಕ್ಕೆ ಬನ್ನಿ. ಕಾವೇರಿ ಧುಮುಕುವ ಜಾಗದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ, ಹತ್ತಿರ ಹತ್ತಿರ 147 ಕಿಲೋಮೀಟರ್. ಮೈಸೂರು ಸಂಸ್ಥಾನದ ಎಂಜಿನಿಯರ್ ಕ್ಯಾಪ್ಟನ್ ಲೋಟ್‌ಬಿನಿಯೇರ್ ಯೋಜನೆ ತಯಾರಿಸಿದರು, ದಿವಾನ್ ಶೇಷಾದ್ರಿ ಅಯ್ಯರ್ ಬೆನ್ನಿಗೆ ನಿಂತರು. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂದವು. 30ರಿಂದ 35 ಸಾವಿರ ವೋಲ್ಟಿಗೆ ಏರಿಸಿದ ಕರೆಂಟ್ 1902ರ ಜೂನ್ 30ರಂದು ಗಣಿ ಮುಟ್ಟಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ್ದೆಂದು ಹೆಸರಾದ ಸಾಲುಗಳಲ್ಲಿ ಅದೂ ಒಂದು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ. 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು.

ಅಂದ ಹಾಗೆ ಒಂದು ಲೆಕ್ಕ. 30 ಸಾವಿರ ವೋಲ್ಟ್ ಅನ್ನುವುದು ನಮ್ಮ ಮದರ್‌ಬೋರ್ಡಿನ 12 ವೋಲ್ಟಿನ 2,500 ಪಟ್ಟು. ಅದೇ ತಂತಿಯಲ್ಲಿ ಅದೇ ಶಕ್ತಿಯನ್ನು 12 ವೋಲ್ಟಿನಲ್ಲಿ ಕಳಿಸಲು ಹೊರಟರೆ ಸೋರಿಕೆ 62.5 ಲಕ್ಷ ಪಟ್ಟು ಹೆಚ್ಚು! ಕೋಲಾರದ ಮಾತು ಬಿಡಿ, ಜಲಪಾತದ ಸದ್ದು ಕೇಳುವಷ್ಟು ದೂರವೂ ಅದು ಹೋಗುತ್ತಿರಲಿಲ್ಲ.

ಇಷ್ಟು ಹೇಳಿ ನಾವು ಸಾಮಾನ್ಯವಾಗಿ ಎದೆಯುಬ್ಬಿಸಿ ನಿಲ್ಲಿಸಿಬಿಡುತ್ತೇವೆ. ಆದರೆ ಬೆಳಕು ಯಾರಿಗೆ ಮೊದಲು ಸಿಕ್ಕಿತು ಅನ್ನುವುದನ್ನೂ ಕೇಳಬೇಕಲ್ಲ? ಮೊದಲು ಸಿಕ್ಕಿದ್ದು ಬ್ರಿಟಿಷ್ ಕಂಪನಿಗಳು ನಡೆಸುತ್ತಿದ್ದ ಗಣಿಗೆ. ಬೆಂಗಳೂರಿನ ಬೀದಿ ದೀಪ ಹೊತ್ತಿದ್ದು ಮೂರು ವರ್ಷ ಕಳೆದು, 1905ರ ಆಗಸ್ಟ್ 5ರಂದು. ತಂತಿ ತಲೆ ಮೇಲೆಯೇ ಹಾದು ಹೋಗುತ್ತಿದ್ದ ಹಳ್ಳಿಗಳು ದಶಕಗಟ್ಟಲೆ ಬುಡ್ಡಿ ದೀಪದಲ್ಲೇ ಕಾದವು. ಎಲ್ಲರಿಗಿಂತ ಮೊದಲು ಉಂಡ ಗಣಿ 2001ರಲ್ಲಿ ಮುಚ್ಚಿತು.

ನಮ್ಮ ರಾಯಚೂರಂತೂ ಆ ತಂತಿಗೆ ಸೇರಿದ್ದೇ ಅಲ್ಲ, ನಿಜಾಮರ ಸೀಮೆಗೆ ಸೇರಿದ್ದು. ನಿಜಾಮರ ಕಾಲದಲ್ಲಿ 1920ರಲ್ಲಿ ಹುಸೇನ್ ಸಾಗರದ ದಂಡೆಯ ಮೇಲೆ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಬಂತು. ಈಗ ಅಲ್ಲಿ ಅದರ ಸುಳಿವೂ ಇಲ್ಲ, ಜನ ಸಿನಿಮಾ ನೋಡಲು, ಐಸ್‌ಕ್ರೀಂ ತಿನ್ನಲು ಹೋಗುತ್ತಾರೆ. ರಾಜಧಾನಿ ಬೆಳಗಿತು, ರಾಯಚೂರು, ಕಲಬುರಗಿ, ಬೀದರುಗಳ ಹಳ್ಳಿಗಳು ಆ ಪಟ್ಟಿಯ ಕೊನೆಯ ದೀಪಗಳು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. ಆಮೇಲೆ ಬೆಂಗಳೂರಿನಿಂದ ಅಳೆದರೂ ಕೊನೆಯೇ ಆದೆವು. 1985ರಲ್ಲಿ ನಮ್ಮ ಶಕ್ತಿನಗರದಲ್ಲೇ ಶಾಖೋತ್ಪನ್ನ ಕೇಂದ್ರ ಶುರುವಾಯಿತು. ತೆಲಂಗಾಣದ ಸಿಂಗರೇಣಿ ಕಲ್ಲಿದ್ದಲೂ ಅಲ್ಲಿಗೆ ಬಂದು ಉರಿಯಿತು, ಕರೆಂಟ್ ನಾಡಿನುದ್ದಕ್ಕೂ ಹರಿಯಿತು.

ನಾನು ಹುಟ್ಟಿದ ಮನೆ ಊರ ಟಿಸಿಯಿಂದ ಹೊರಟ ಸಾಲಿನ ಕಟ್ಟಕಡೆಯ ಕಂಬದ್ದು. ಸಂಜೆ ಎಲ್ಲರೂ ದೀಪ ಹಚ್ಚಿದರೆ ನಮ್ಮ ಬಲ್ಬಿನ ತಂತಿ ಮಾತ್ರ ಕೆಂಡದ ಹಾಗೆ ಕೆಂಪಗೆ ಕಾಣುತ್ತಿತ್ತು. ಟ್ಯೂಬ್‌ಲೈಟ್ ಹೊತ್ತಿಕೊಳ್ಳುತ್ತಲೇ ಇರಲಿಲ್ಲ. "ಕರೆಂಟ್ ಬಂದದ, ಬೆಳಕು ಬಂದಿಲ್ಲ" ಅನ್ನುತ್ತಿದ್ದಳು ನಮ್ಮವ್ವ. ಸರಕಾರಿ ಪುಸ್ತಕದಲ್ಲಿ ಮಾತ್ರ ನಮ್ಮದು ವಿದ್ಯುತ್ ಇರುವ ಮನೆ!

ಎಲ್‌ಇಡಿ ಪಟ್ಟಿಯ ಕೊನೆಯೂ ಹೀಗೇ ಕೆಂಪೇರುತ್ತದೆ. ಆದರೆ ಕಾರಣ ಬೇರೆ. ಕೆಂಪು ಎಲ್‌ಇಡಿಗೆ 2 ವೋಲ್ಟಿನಷ್ಟು ಸಾಕು, ನೀಲಿ ಮತ್ತು ಹಸಿರಿಗೆ 3ರಷ್ಟು ಬೇಕು. 12 ವೋಲ್ಟಿನ ಪಟ್ಟಿಯಲ್ಲಿ ಮೂರು ಮೂರನ್ನು ಸಾಲಾಗಿ ಕೂರಿಸಿರುತ್ತಾರೆ. ವೋಲ್ಟೇಜ್ ಇಳಿದಾಗ ಮೊದಲು ಸೊರಗುವುದು ನೀಲಿ, ಹಸಿರು, ಉಳಿಯುವುದು ಕೆಂಪು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು, ಮಾಡಿದವರು ನಿಕ್ ಹೊಲೊನ್ಯಾಕ್. ಪ್ರಖರವಾದ ನೀಲಿಗೆ 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರ ನೊಬೆಲ್ ಬಂತು. ನೀಲಿ ಸಿಕ್ಕಿದ ಮೇಲೆಯೇ ಬಿಳಿ ಎಲ್‌ಇಡಿ ಬೆಳಕು ಮನೆ ಮನೆಗೆ ಬಂದದ್ದು.

ಇರಲಿ, ಹುಡುಗನಿಗೆ ಹೇಳಿದ ಪರಿಹಾರ ಇಷ್ಟು. ಬೋರ್ಡಿನಿಂದ ಆಜ್ಞೆ ಮಾತ್ರ ತೆಗೆದುಕೋ, ಅನ್ನ ಬೇರೆ ಕಡೆಯಿಂದ ತಾ. ನಡುವೆ ಒಂದು ಆಂಪ್ಲಿಫೈಯರ್ ಹಾಕಿ ಅದಕ್ಕೆ 12 ವೋಲ್ಟಿನ, ಕನಿಷ್ಠ 8 ಆಂಪಿಯರಿನ ಬೇರೆ ಅಡಾಪ್ಟರ್ ಕೊಡು. ಪಟ್ಟಿಯ ಮೊದಲ ತುದಿಗಷ್ಟೇ ಅಲ್ಲ, ದಪ್ಪ ವೈರು ಎಳೆದು ಕೊನೆಯ ತುದಿಗೂ ಕರೆಂಟ್ ಮುಟ್ಟಿಸು. ಮೂರು ಪಿನ್ನಿನ 5 ವೋಲ್ಟಿನ ಪಟ್ಟಿಯನ್ನು ಮಾತ್ರ ಮರೆತೂ 12 ವೋಲ್ಟಿನ ಪಿನ್ನಿಗೆ ಸಿಗಿಸಬೇಡ, ಕ್ಷಣದಲ್ಲಿ ಸತ್ತು ಹೋಗುತ್ತದೆ. ಇನ್ನೂ ಉದ್ದ ಬೇಕಾದರೆ 24 ವೋಲ್ಟಿನ ಪಟ್ಟಿಗಳಿವೆ. ಅಷ್ಟೇ ಬೆಳಕಿಗೆ ಅರ್ಧ ಕರೆಂಟ್ ಸಾಕು, ಶಿವನಸಮುದ್ರದ ಪಾಠವೇ! ಆದರೆ ಅವಕ್ಕೆ 24 ವೋಲ್ಟಿನ ಬೇರೆ ಅಡಾಪ್ಟರೇ ಆಗಬೇಕು.

ಕೊನೆಯ ತುದಿಗೂ ಕರೆಂಟ್ ಕೊಡುವುದು ನನಗೆ ಬರೀ ವೈರಿಂಗಿನ ಮಾತಾಗಿ ಕಾಣುವುದಿಲ್ಲ. 2012ರಲ್ಲಿ ಪಾರ್ಲಿಮೆಂಟು 371-ಜೆ ಒಪ್ಪಿದ್ದು ಇಂಥದೇ ಕೆಲಸ. ನಮ್ಮ ಭಾಗಕ್ಕೆ ಓದು, ನೌಕರಿ, ಅಭಿವೃದ್ಧಿಯ ಹಣ ಬೆಂಗಳೂರಿನ ತುದಿಯಿಂದ ಸೋರುತ್ತಾ ಬರುವುದು ಸಾಲದು, ಈ ತುದಿಯಲ್ಲೇ ಬೇರೆ ದಾರಿ ಬೇಕು ಅನ್ನುವುದೇ ಅದರ ತಿರುಳು. ಎಷ್ಟು ಮುಟ್ಟಿತು ಅನ್ನುವುದನ್ನು ಬೆಂಗಳೂರಿನಲ್ಲಿ ಕೂತು ಹೇಳಲಾಗದು, ದೇವದುರ್ಗಕ್ಕೋ ಲಿಂಗಸುಗೂರಿಗೋ ಹೋಗಿ ನೋಡಬೇಕು.

ನಿಮ್ಮೂರಿಗೆ ಕರೆಂಟ್ ಬಂದದ್ದು ಯಾವ ವರ್ಷ? ಯಾರ ಮನೆಗೆ ಮೊದಲು, ಯಾರ ಮನೆಗೆ ಕೊನೆಗೆ? ಊರಿಗೆ ಫೋನ್ ಮಾಡಿದಾಗ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಶಿವನಸಮುದ್ರದ ತಾರೀಖು ಪುಸ್ತಕದಲ್ಲಿದೆ, ಈ ತಾರೀಖುಗಳು ಅವರ ನೆನಪಿನಲ್ಲಿ ಮಾತ್ರ ಇವೆ.