ಮಹಾಮಾರಿ ಮತ್ತು ಆರೋಗ್ಯದ ಅಸಮಾನತೆ: 1918ರ ಇನ್‌ಫ್ಲುಯೆಂಜಾ ಭಾರತದಲ್ಲಿ

1918ರ ಇನ್‌ಫ್ಲುಯೆಂಜಾ ಭಾರತದಲ್ಲಿ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತೆಂದು ಬಹುತೇಕ ಅಂದಾಜುಗಳು ಹೇಳುತ್ತವೆ. ಅದಕ್ಕೂ ಹೆಚ್ಚೆನ್ನುವ ಲೆಕ್ಕಗಳೂ ಇವೆ. ಬೇರೆ ಯಾವ ದೇಶದಲ್ಲೂ ಆ ಕಾಯಿಲೆಗೆ ಇಷ್ಟು ಜನ ಸತ್ತಿಲ್ಲ. ಉಸಿರಿನಿಂದ ಹರಡುವ ಈ ಜ್ವರ ಮನೆಮನೆಗೂ ಹೋಯಿತು. ಆದರೆ ಸಾವು ಎಲ್ಲ ಮನೆಗಳಲ್ಲೂ ಒಂದೇ ಪ್ರಮಾಣದಲ್ಲಿ ಆಗಲಿಲ್ಲ. ಮುಂಬಯಿ ನಗರದ ಸಾವುಗಳನ್ನು ಜಾತಿ-ಧರ್ಮವಾರು ಲೆಕ್ಕ ಇಟ್ಟಿದ್ದರಿಂದ ಈ ಅಂತರ ಅಂಕಿಗಳಲ್ಲೇ ಉಳಿದಿದೆ. ಮಹಾಮಾರಿಯೊಂದು ಸಮುದಾಯಗಳ ನಡುವಿನ ಆರೋಗ್ಯದ ಅಸಮಾನತೆಯನ್ನು ಹೇಗೆ ಹಿಗ್ಗಿಸುತ್ತದೆ ಎಂಬುದಕ್ಕೆ ಇಷ್ಟು ನಿಚ್ಚಳವಾದ ದಾಖಲೆಗಳು ವಿರಳ.

ಈ ಅಂತರದ ಬೇರು ಹಿಂದಿನ ಪ್ಲೇಗಿನ ಕಾಲಕ್ಕೆ ಹೋಗುತ್ತದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗನ್ನು ಹತ್ತಿಕ್ಕಲು ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಮನೆ ಶೋಧನೆ, ರೋಗಿಗಳನ್ನು ಬಲವಂತವಾಗಿ ಬೇರ್ಪಡಿಸುವುದು, ಸಾಮಾನು ಸುಡುವುದು ನಡೆದವು. ಅನುಕೂಲವಿದ್ದ ಸಮುದಾಯಗಳು ತಮ್ಮವರಿಗೆಂದೇ ಖಾಸಗಿ ಪ್ಲೇಗು ಆಸ್ಪತ್ರೆಗಳನ್ನು ತೆರೆದುಕೊಂಡವು. ಅಂಥ ಆಸರೆ ಇಲ್ಲದವರಿಗೆ ಉಳಿದದ್ದು ಸರ್ಕಾರಿ ಶಿಬಿರ. ಪುಣೆಯ ಹತ್ತಿರ ಮಗ ಯಶವಂತ ನಡೆಸುತ್ತಿದ್ದ ಚಿಕಿತ್ಸಾಲಯಕ್ಕೆ ದಲಿತ ಕೇರಿಯ ರೋಗಪೀಡಿತ ಬಾಲಕನನ್ನು ಹೊತ್ತು ತಂದ ಸಾವಿತ್ರಿಬಾಯಿ ಫುಲೆ ಅದೇ ಸೋಂಕು ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು. 1898ರ ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರಿಗೂ ಬಂತು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ಕರೆತರುವ ಬಡಾವಣೆಗಳಾಗಿ ಬಸವನಗುಡಿ, ಮಲ್ಲೇಶ್ವರಗಳು ಆ ಬಳಿಕ ಬೇಗ ಬೆಳೆದವು. ಆದರೆ ಅಲ್ಲಿನ ನಿವೇಶನಗಳನ್ನು ಸಮುದಾಯಗಳ ಪ್ರಕಾರ ವಿಂಗಡಿಸಿ ಹಂಚಲಾಯಿತು, ಕೊಳ್ಳುವ ಶಕ್ತಿ ಇದ್ದವರಷ್ಟೇ ಕೊಂಡರು. ಗಾಳಿ-ಬೆಳಕಿನ ಮನೆ ರೋಗಕ್ಕೆ ಮದ್ದೆಂದು ಆಡಳಿತಕ್ಕೆ ಆಗಲೇ ಗೊತ್ತಿತ್ತು. ಅದು ಯಾರಿಗೆ ಸಿಕ್ಕಿತು ಎಂಬುದನ್ನು ಈ ಇತಿಹಾಸದಲ್ಲಿ ಮರೆಯುವಂತಿಲ್ಲ.

ಇನ್‌ಫ್ಲುಯೆಂಜಾ 1918ರ ಮೇ ಕೊನೆಯ ಹೊತ್ತಿಗೆ ಹಡಗಿನ ಮೂಲಕ ಮುಂಬಯಿಗೆ ಬಂತೆಂದು ನಂಬಲಾಗಿದೆ. ಜೂನ್ 10ರಂದು ಬಂದರಿನಲ್ಲಿ ಕಾವಲಿಗಿದ್ದ ಏಳು ಮಂದಿ ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು. ಬಂದರಿನಿಂದ ಗಿರಣಿಗಳಿಗೆ, ಅಲ್ಲಿಂದ ರೈಲು ಹಿಡಿದು ಒಳನಾಡಿಗೆ ರೋಗ ಹರಡಿತು. ಮೊದಲ ಅಲೆ ಸೌಮ್ಯವಾಗಿತ್ತು. ಸೆಪ್ಟೆಂಬರ್‌ನಲ್ಲಿ ಎದ್ದ ಎರಡನೆಯದು ಹಾಗಿರಲಿಲ್ಲ: ಅಕ್ಟೋಬರ್ 6ರ ಒಂದೇ ದಿನ ಮುಂಬಯಿ ನಗರದಲ್ಲಿ 768 ಮಂದಿ ಸತ್ತರು.

ಆ ನಗರದ ಸಮುದಾಯವಾರು ಲೆಕ್ಕ ಹೀಗಿದೆ. ಯುರೋಪಿಯನ್ನರಲ್ಲಿ ಸಾವಿರಕ್ಕೆ 8.3 ಮಂದಿ, ಪಾರ್ಸಿಗಳಲ್ಲಿ 9.0, ಯಹೂದಿಗಳಲ್ಲಿ 14.8, ಭಾರತೀಯ ಕ್ರೈಸ್ತರಲ್ಲಿ 18.4, ಸವರ್ಣ ಹಿಂದೂಗಳಲ್ಲಿ 18.9, ಮುಸ್ಲಿಮರಲ್ಲಿ 19.2 ಮಂದಿ ತೀರಿಕೊಂಡರು. ದಾಖಲೆಯಲ್ಲಿ ‘ಕೆಳಜಾತಿಯ ಹಿಂದೂಗಳು’ ಎಂದು ಕರೆದವರಲ್ಲಿ ಸತ್ತವರು ಸಾವಿರಕ್ಕೆ 61.6. ಒಂದೇ ಊರು, ಒಂದೇ ವೈರಾಣು, ಅದೇ ಕೆಲವು ವಾರಗಳು. ಆದರೂ ಯುರೋಪಿಯನ್ನರಿಗಿಂತ ಏಳು ಪಟ್ಟು, ಸವರ್ಣರಿಗಿಂತ ಮೂರು ಪಟ್ಟು ಹೆಚ್ಚು ಸಾವು. ಇದನ್ನು ದೇಹಪ್ರಕೃತಿಯ ವ್ಯತ್ಯಾಸ ಎಂದು ತಳ್ಳಿಹಾಕಲು ಬರುವುದಿಲ್ಲ.

ಕಾರಣ ತಿಳಿಯಬೇಕಾದರೆ ಆ ಜ್ವರ ಕೊಲ್ಲುತ್ತಿದ್ದ ಬಗೆಯನ್ನು ಗಮನಿಸಬೇಕು. ಹೆಚ್ಚಿನವರು ಸತ್ತದ್ದು ಜ್ವರದ ಬೆನ್ನಿಗೇ ಬರುತ್ತಿದ್ದ ನ್ಯುಮೋನಿಯಾದಿಂದ. ಅದಕ್ಕೆ ಆಗ ಔಷಧವಿರಲಿಲ್ಲ, ಪ್ರತಿಜೀವಕಗಳ ಕಾಲ ಇನ್ನೂ ಬಂದಿರಲಿಲ್ಲ. ಎಂಥ ದೊಡ್ಡ ವೈದ್ಯ ಬಂದರೂ ಮಾಡಬಹುದಾಗಿದ್ದದ್ದು ಅಲ್ಪ. ರೋಗಿಯನ್ನು ಉಳಿಸುತ್ತಿದ್ದದ್ದು ಆರೈಕೆ: ಏಳದೆ ಮಲಗುವ ಅವಕಾಶ, ಬೆಚ್ಚನೆಯ ಹೊದಿಕೆ, ಕುಡಿಯುವ ನೀರು, ಹೊತ್ತುಹೊತ್ತಿಗೆ ಗಂಜಿ, ಪಕ್ಕದಲ್ಲಿ ಒಬ್ಬರು. ಇವು ದುಬಾರಿ ವಸ್ತುಗಳಲ್ಲ. ಆದರೆ ಚಾಳಿನ ಒಂದೇ ಕೋಣೆಯಲ್ಲಿ ಇಡೀ ಸಂಸಾರ ಒಟ್ಟಿಗೆ ಮಲಗಿದಾಗ ನೀರು ತರುವವರು ಯಾರು? ದಿನಗೂಲಿಯವರು ಒಂದು ವಾರ ಮಲಗಿದರೆ ಒಲೆ ಉರಿಯುವುದು ಹೇಗೆ? ಬೀದಿ, ಕಕ್ಕಸು ಗುಡಿಸುವ ಕೆಲಸವನ್ನು ಜಾತಿ ಯಾರ ಪಾಲಿಗೆ ಹಾಕಿತ್ತೋ ಅವರು ಸಾವಿನ ನಡುವೆಯೂ ಹೊರಗೆ ಹೋಗಲೇಬೇಕಿತ್ತು. ಹಳ್ಳಿಗಳಲ್ಲಿ ಊರಬಾವಿ ಮುಟ್ಟಬಾರದೆಂಬ ಕಟ್ಟುಪಾಡಿದ್ದ ಕೇರಿಗಳಿಗೆ ಕುಡಿಯುವ ನೀರೇ ದೂರದ ವಸ್ತು. ನೆರೆಯವರು ಬಂದು ನೀರು ಕುಡಿಸುವ ಮಾತನ್ನು ಅಸ್ಪೃಶ್ಯತೆ ಮೊದಲೇ ಮುಗಿಸಿತ್ತು. ಪಾರ್ಸಿಗಳಿಗೆ ತಮ್ಮದೇ ವೈದ್ಯರು, ದತ್ತಿಗಳು, ಆಸ್ಪತ್ರೆ ಇದ್ದವು. ಅಂಕಿಗಳಲ್ಲಿ ಕಾಣುವ ಕಂದರದ ಬಹುಭಾಗ ಆರೈಕೆ ಸಿಕ್ಕವರ ಮತ್ತು ಸಿಗದವರ ನಡುವಿನದು ಎಂದೇ ಹೇಳಬೇಕಾಗುತ್ತದೆ.

ಹೆಂಗಸರ ವಿಷಯದಲ್ಲೂ ಇದೇ ತರ್ಕ ಅನ್ವಯಿಸುತ್ತದೆ. ಪಶ್ಚಿಮದ ದೇಶಗಳಲ್ಲಿ ಈ ಜ್ವರಕ್ಕೆ ಗಂಡಸರು ಹೆಚ್ಚು ಬಲಿಯಾದರೆ ಭಾರತದಲ್ಲಿ ಹೆಂಗಸರು ಹೆಚ್ಚು ಸತ್ತರು, ಅದರಲ್ಲೂ 20ರಿಂದ 40ರ ವಯಸ್ಸಿನವರು. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುತ್ತಿದ್ದವರು, ಜ್ವರ ಬಂದವರ ಬಳಿ ಹಗಲಿರುಳು ಕೂರುತ್ತಿದ್ದವರು, ತಮಗೇ ಜ್ವರವಿದ್ದರೂ ಒಲೆಯ ಮುಂದಿನಿಂದ ಏಳಲಾಗದವರು ಅವರೇ. ಹಿಂದಿಯ ಕವಿ ಸೂರ್ಯಕಾಂತ ತ್ರಿಪಾಠಿ ‘ನಿರಾಲಾ’ ಪತ್ನಿಯನ್ನೂ ಬಂಧುಗಳಲ್ಲಿ ಹಲವರನ್ನೂ ಕಳೆದುಕೊಂಡದ್ದು ಈ ಜ್ವರಕ್ಕೇ.

ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಮೊದಲ ಮಹಾಯುದ್ಧದಿಂದ ಮೊದಲೇ ಏರಿದ್ದ ಜೋಳ, ಅಕ್ಕಿಗಳ ಬೆಲೆ ಇನ್ನೂ ಮೇಲಕ್ಕೆ ಹೋಯಿತು. ಮುಂಬಯಿ ಪ್ರಾಂತ್ಯದ ದಖ್ಖನ್ ಬಯಲುಸೀಮೆ ಹೆಚ್ಚು ನಲುಗಿದ ಪ್ರದೇಶಗಳಲ್ಲೊಂದು. ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳು ಆಗ ಅದೇ ಪ್ರಾಂತ್ಯಕ್ಕೆ ಸೇರಿದ್ದವು. ಬರ ಮೊದಲೇ ಸೊರಗಿಸಿದ್ದ ಮೈಗಳಿಗೆ ಜ್ವರ ತಾಗಿತು. ಹತ್ತು ವರ್ಷಗಳ ಫಲವನ್ನು 1921ರ ಜನಗಣತಿ ತೋರಿಸುತ್ತದೆ: ಭಾರತದ ಜನಸಂಖ್ಯೆ ಹೆಚ್ಚಿದ್ದು ಶೇ 1.2ರಷ್ಟು ಮಾತ್ರ, ಮುಂಬಯಿ ಪ್ರಾಂತ್ಯದಲ್ಲಿ ಅದು ಇಳಿದೇ ಹೋಗಿತ್ತು. ಮೈಸೂರು ಸಂಸ್ಥಾನದ ಜನಸಂಖ್ಯೆ 58 ಲಕ್ಷದಿಂದ 60 ಲಕ್ಷವನ್ನೂ ಮುಟ್ಟಲಿಲ್ಲ.

ಸರ್ಕಾರಿ ವೈದ್ಯರಲ್ಲಿ ಅನೇಕರು ಯುದ್ಧಭೂಮಿಯಲ್ಲಿದ್ದರು. ಔಷಧ, ಹಾಲು, ಕಂಬಳಿ ಹಂಚುವ ಹೊಣೆ ಸ್ವಯಂಸೇವಾ ಸಂಘಗಳ ಮೇಲೆ, ಜಾತಿ ಸಂಸ್ಥೆಗಳ ಮೇಲೆ ಬಿತ್ತು. ಅವು ಮಾಡಿದ ಕೆಲಸ ದೊಡ್ಡದು. ಆದರೆ ಸಂಘ ಕಟ್ಟಿಕೊಳ್ಳುವ ಬಲವೇ ಇಲ್ಲದ ಸಮುದಾಯಗಳಿಗೆ ಅದು ಕಡೆಯಲ್ಲಿ ತಲುಪುತ್ತಿತ್ತು, ಇಲ್ಲವೇ ತಲುಪುತ್ತಲೇ ಇರಲಿಲ್ಲ. 1919ರ ಆಡಳಿತ ಸುಧಾರಣೆಗಳು ಆರೋಗ್ಯ ಖಾತೆಯನ್ನು ಪ್ರಾಂತ್ಯಗಳ ಭಾರತೀಯ ಮಂತ್ರಿಗಳಿಗೆ ವಹಿಸಿದವು, ಹಣವನ್ನು ಮಾತ್ರ ಅದಕ್ಕೆ ತಕ್ಕಷ್ಟು ಕೊಡಲಿಲ್ಲ.

ಆಡಳಿತದ ನಿರ್ಧಾರವೊಂದೇ ಎಷ್ಟು ವ್ಯತ್ಯಾಸ ಮಾಡಬಲ್ಲದೆಂಬುದಕ್ಕೆ ಅದೇ ವರ್ಷದ ಸಮೋವಾ ಸಾಕ್ಷಿ. ನ್ಯೂಜಿಲೆಂಡ್ ಆಡಳಿತದಲ್ಲಿದ್ದ ಪಶ್ಚಿಮ ಸಮೋವಾ ನವೆಂಬರ್‌ನಲ್ಲಿ ರೋಗಿಗಳಿದ್ದ ಹಡಗೊಂದನ್ನು ಬಂದರಿಗೆ ಬಿಟ್ಟುಕೊಂಡು ಜನಸಂಖ್ಯೆಯ ಐದರಲ್ಲೊಂದು ಭಾಗವನ್ನು ಕಳೆದುಕೊಂಡಿತು. ಪಕ್ಕದ ಅಮೆರಿಕನ್ ಸಮೋವಾ ಹಡಗುಗಳನ್ನು ತಡೆದು ನಿಲ್ಲಿಸಿತು, ಅಲ್ಲಿ ಯಾರೂ ಸಾಯಲಿಲ್ಲ. ಎರಡೂ ಕಡೆ ಇದ್ದದ್ದು ಒಂದೇ ಜನಾಂಗ.

ಒಂದು ಶತಮಾನದ ನಂತರ ಬಂದ ಕೋವಿಡ್ ಅದೇ ಮುಂಬಯಿಯಲ್ಲಿ ಅದೇ ಇಕ್ಕಟ್ಟನ್ನು ಕಂಡಿತು. 2020ರ ಜುಲೈನಲ್ಲಿ ಮೂರು ವಾರ್ಡುಗಳಲ್ಲಿ ನಡೆದ ರಕ್ತ ಪರೀಕ್ಷೆಯ ಸಮೀಕ್ಷೆಯಲ್ಲಿ ಕೊಳೆಗೇರಿಗಳ ಶೇ 57ರಷ್ಟು ಜನರಿಗೂ ಉಳಿದ ವಸತಿಗಳ ಶೇ 16ರಷ್ಟು ಜನರಿಗೂ ಸೋಂಕು ತಗುಲಿ ಹೋಗಿದ್ದದ್ದು ತಿಳಿಯಿತು. ಮನೆಯಲ್ಲೇ ಇರಿ, ಅಂತರ ಕಾಯಿರಿ ಎಂಬ ಸೂಚನೆ ಸಾರ್ವಜನಿಕ ಶೌಚಾಲಯದ ಮುಂದೆ ಸಾಲು ನಿಲ್ಲುವವರಿಗೆ ಪಾಲಿಸಲು ಆಗುವಂಥದ್ದಲ್ಲ. ಮಾರ್ಚ್ 25ರಿಂದ ಜಾರಿಗೆ ಬಂದ ಲಾಕ್‌ಡೌನ್ ವಲಸೆ ಕಾರ್ಮಿಕರ ಕೂಲಿಯನ್ನೂ ಸೂರನ್ನೂ ಒಂದೇ ಏಟಿಗೆ ಕಿತ್ತುಕೊಂಡಿತು. ಕರ್ನಾಟಕದಲ್ಲಿ ಮೇ ಮೊದಲ ವಾರ ಕಟ್ಟಡ ನಿರ್ಮಾಣ ಸಂಸ್ಥೆಗಳವರ ಜತೆಗಿನ ಸಭೆಯ ನಂತರ ಕಾರ್ಮಿಕರ ವಿಶೇಷ ರೈಲುಗಳನ್ನು ರಾಜ್ಯ ಸರ್ಕಾರ ರದ್ದು ಮಾಡಿಸಿತು; ತೀವ್ರ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಆ ನಿರ್ಧಾರ ಹಿಂದಕ್ಕೆ ಪಡೆಯಿತು. 2021ರ ಮೇ 1ರಿಂದ 18–44ರ ವಯಸ್ಸಿನವರಿಗೆ ಲಸಿಕೆ ಬೇಕಾದರೆ ಅಂತರ್ಜಾಲದಲ್ಲೇ ನೋಂದಣಿ ಮಾಡಿಸಬೇಕಿತ್ತು. ಮೊಬೈಲು, ಇಂಟರ್ನೆಟ್ ಇಲ್ಲದವರು ಇದರಿಂದ ಹೊರಗುಳಿಯುತ್ತಾರೆಂದು ಸುಪ್ರೀಂ ಕೋರ್ಟ್ ಅದೇ ತಿಂಗಳು ಕಳವಳ ವ್ಯಕ್ತಪಡಿಸಿತು.

ಸಾವಿನ ಲೆಕ್ಕದಲ್ಲಿ ಮಾತ್ರ 1918ರ ಮುಂಬಯಿಗಿಂತ ಹಿನ್ನಡೆಯಾಯಿತು. ಕೋವಿಡ್ ಸಾವುಗಳ ಜಾತಿ, ಧರ್ಮವಾರು ಪಟ್ಟಿಯನ್ನು ಕೇಂದ್ರ ಸರ್ಕಾರ ಪ್ರಕಟಿಸಲಿಲ್ಲ. 2020ರಲ್ಲಿ ನೋಂದಣಿಯಾದ ಸಾವುಗಳಲ್ಲೇ ವೈದ್ಯರು ಕಾರಣ ದೃಢಪಡಿಸಿದ್ದು ಶೇ 22.5ರಷ್ಟಕ್ಕೆ ಮಾತ್ರ. ಈ ಕೊರತೆಯನ್ನು ತುಂಬಲು ಸಂಶೋಧಕರ ತಂಡವೊಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 14 ರಾಜ್ಯಗಳ ಮಾಹಿತಿಯನ್ನು ಬಳಸಿ 2024ರ ಜುಲೈನಲ್ಲಿ ಲೇಖನ ಪ್ರಕಟಿಸಿತು. ಅದರ ಪ್ರಕಾರ 2020ರಲ್ಲಿ ಸರಾಸರಿ ಆಯುಷ್ಯ ಮೇಲ್ಜಾತಿ ಹಿಂದೂಗಳಲ್ಲಿ 1.3 ವರ್ಷ ಇಳಿದರೆ ಪರಿಶಿಷ್ಟ ಜಾತಿಗಳಲ್ಲಿ 2.7, ಪರಿಶಿಷ್ಟ ಪಂಗಡಗಳಲ್ಲಿ 4.1, ಮುಸ್ಲಿಮರಲ್ಲಿ 5.4 ವರ್ಷ ಇಳಿದಿದೆ. ಗಂಡಸರ ಆಯುಷ್ಯ 2.1 ವರ್ಷ, ಹೆಂಗಸರದು 3.1 ವರ್ಷ ಕುಸಿದಿದೆ. ಕೇಂದ್ರ ಆರೋಗ್ಯ ಸಚಿವಾಲಯ ಈ ಲೆಕ್ಕವನ್ನು ಒಪ್ಪಿಲ್ಲ. ಸಮೀಕ್ಷೆಯ ಒಂದು ಭಾಗವನ್ನಷ್ಟೇ ಆಯ್ದುಕೊಂಡು ಇಡೀ ದೇಶದ ಸಾವನ್ನು ಅಂದಾಜಿಸುವ ವಿಧಾನವೇ ತಪ್ಪೆಂಬುದು ಅದರ ಆಕ್ಷೇಪ.