ಬಚ್ಚಲ ಹಂಡೆ ಮತ್ತು ಇನ್ನೂರು ಯೂನಿಟ್

ಕರೆಂಟು ಉಳಿಸುವ ಮಾತು ಬಂದರೆ ಎಲ್ಲರೂ ಮೊದಲು ಬಲ್ಬಿನ ಕಡೆ ನೋಡುತ್ತಾರೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಮನೆಗಳಲ್ಲಿ ಮೊದಲು ನೋಡಬೇಕಾದ್ದು ಬಚ್ಚಲುಮನೆ.

ಲೆಕ್ಕ ಸರಳ. ಇಪ್ಪತ್ತು ಲೀಟರ್ ಬಾವಿನೀರನ್ನು 27 ಡಿಗ್ರಿಯಿಂದ 42ಕ್ಕೆ ಏರಿಸಲು 0.35 ಯೂನಿಟ್ ಬೇಕು. ಅದು ಒಬ್ಬರ ಒಂದು ದಿನದ ಸ್ನಾನಕ್ಕೆಂದರೆ, ನಾಲ್ಕು ಮಂದಿಯ ಮನೆಗೆ ತಿಂಗಳಿಗೆ 42 ಯೂನಿಟ್. ಗೀಸರ್ ಇಡೀ ದಿನ ಹಾಕಿಟ್ಟರೆ ಆರಿದ ನೀರನ್ನೇ ಮತ್ತೆ ಮತ್ತೆ ಕಾಯಿಸಿದ ಖರ್ಚು ಬೇರೆ. ಒಂಬತ್ತು ವಾಟಿನ ಎಲ್‌ಇಡಿ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ ಒಂದೂವರೆ ಯೂನಿಟ್ಟೂ ಆಗದು.

2023ರ ಜುಲೈ ಬಳಕೆಯಿಂದ ಜಾರಿಯಾದ, ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಈ ಲೆಕ್ಕಕ್ಕೆ ಹೊಸ ತಿರುವು ಕೊಟ್ಟಿತು. 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಮನೆಯ ಉಚಿತ ಮಿತಿ ನಿಗದಿಯಾಯಿತು. ಕಡಿಮೆ ಬಳಸುವವರಿಗೆ ಬಳಿಕ ಶೇಕಡಾವಾರಿನ ಬದಲು 10 ಯೂನಿಟ್ ಬಂತು. ಮಿತಿ ದಾಟಿದರೆ ಹೆಚ್ಚುವರಿಗಷ್ಟೇ ಹಣ. 200 ದಾಟಿದರೆ ಪೂರ್ತಿ ಬಿಲ್ಲು. ತಿಂಗಳಿಗೆ 165 ಯೂನಿಟ್ ಬಳಸುತ್ತಿದ್ದ ಮನೆಗೆ ಹೊಸ ಗೀಸರ್ ಬಂದರೆ ಬಳಕೆ 207. ಮೆಸ್ಕಾಂ ಬಿಲ್ಲಿನಲ್ಲಿ ಆ ಏಳು ಯೂನಿಟ್ಟಿಗೆ ತೆರುವ ಬೆಲೆ ಇಡೀ ತಿಂಗಳ ಕರೆಂಟಿನದು. ಅದೇ, ಮಿತಿಯೊಳಗೇ ಇರುವ ಮನೆ ಹತ್ತು ಯೂನಿಟ್ ಉಳಿಸಿದರೆ ಕೈಗೆ ಕಾಸೂ ಬಾರದು. ಯೋಜನೆಯ ಈ ಕೊರತೆ ಚರ್ಚೆಗೆ ಬಂದದ್ದು ಕಡಿಮೆ.

ನೀರು ಕಾಯಿಸಲು ಸೋಲಾರ್ ಒಳ್ಳೆಯದೇ. ಆದರೆ ಆಟಿ ತಿಂಗಳ ಮಳೆಯಲ್ಲಿ, ಬಿಸಿನೀರು ಹೆಚ್ಚು ಬೇಕಾದಾಗಲೇ, ಬಿಸಿಲಿರುವುದಿಲ್ಲ. ತೋಟವಿರುವ ಮನೆಗೆ ಮಡಲು, ಗೆರಟೆ, ತೆಂಗಿನ ಸಿಪ್ಪೆ ಪುಕ್ಕಟೆ. ಮಳೆಗೆ ಮೊದಲು ಒಣಗಿಸಿ ಅಟ್ಟದಲ್ಲಿಟ್ಟರೆ ಹಂಡೆಯ ಒಲೆಗೆ ಸಾಕು. ಹೊಗೆ ಹೊರಹೋಗಲು ಚಿಮಣಿ ಇರಲೇಬೇಕು, ಇದರಲ್ಲಿ ರಾಜಿ ಸಲ್ಲದು.

ಅಡುಗೆಮನೆಯಲ್ಲಿ ಕುಚ್ಚಲಕ್ಕಿ. ತೆರೆದ ಪಾತ್ರೆಯಲ್ಲಿ ಕುದಿಸುವಾಗ ಒಂದು ಲೀಟರ್ ನೀರು ಆವಿಯಾದರೆ ಸುಮಾರು 75 ಗ್ರಾಂ ಗ್ಯಾಸು ಅದರ ಜತೆ ಹೋದಂತೆ. ನೆನೆಸಿ, ಒಂದು ಕುದಿ ಬರಿಸಿ, ಶಾಖ ಹಿಡಿದಿಡುವ ಡಬ್ಬಿಯಲ್ಲಿ ಮುಚ್ಚಿಟ್ಟರೆ ಅನ್ನ ತಾನೇ ಬೇಯುತ್ತದೆ.

ಏಪ್ರಿಲ್–ಮೇಯಲ್ಲಿ ಬಾವಿಯ ತಳ ಕಾಣುವ ಹೊತ್ತಿಗೆ ಲೆಕ್ಕ ಇನ್ನೂ ಬಿಗಿ. ತುಂಬಿದ ಟ್ಯಾಂಕಿನಿಂದ ಚೆಲ್ಲುವ ನೀರಿಗೆ ಪಂಪಿನ ಕರೆಂಟೂ ಸೇರಿರುತ್ತದೆ. ಹೊಸ ಯಂತ್ರ ಕೊಳ್ಳುವ ಮೊದಲು ಕಳೆದ ಹನ್ನೆರಡು ಬಿಲ್ಲುಗಳನ್ನು ತೆಗೆದು, ನಿಮ್ಮ ಮನೆಯ ಮಿತಿ ಎಷ್ಟೆಂದು ನೋಡಿಕೊಳ್ಳಿ.