ಊರಿಗೆ ಊರೇ ಅಳುವಾಗ ಮಾತಾಡಿಸುವವರು ಯಾರು?

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಓಣಿಯವರೇ ರೊಟ್ಟಿ, ಪಲ್ಯ, ಅನ್ನ, ಸಾರು ತಂದು ಕೊಟ್ಟು, ಎದುರಿಗೆ ಕೂತು ಒಂದು ತುತ್ತಾದರೂ ಉಣ್ಣಿಸುತ್ತಾರೆ. ಬೇರೆ ಊರಿನ ಬೀಗರು, ಗೆಳೆಯರು “ಮಾತಾಡಿಸ್ಕೊಂಡ್ ಬರೋಣ ನಡೀರಿ” ಎಂದು ಬಸ್ ಹತ್ತಿ ಬರುತ್ತಾರೆ. ಬಂದವರು ದೊಡ್ಡ ಮಾತೇನೂ ಆಡುವುದಿಲ್ಲ. ಹೆಂಗಾತು, ಏನಾತು ಎಂದು ಕೇಳಿ, ಸುಮ್ಮನೆ ಕೂತು, ಚಾ ಕುಡಿದು ಹೋಗುತ್ತಾರೆ. ಗದಗ-ಬೆಟಗೇರಿಯಿರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಿರಲಿ, ಇದು ಎಲ್ಲರಿಗೂ ಗೊತ್ತಿರುವ ರೀತಿ.

ಒಂದು ಮನೆಯ ದುಃಖಕ್ಕೆ ಈ ರೀತಿ ಸಾಕಾಗುತ್ತದೆ. ಆದರೆ ಊರಿಗೆ ಊರೇ ಮುಳುಗಿದಾಗ, ಊರಿಗೆ ಊರೇ ಬರಕ್ಕೆ ಸಿಕ್ಕಾಗ ಯಾರು ಯಾರನ್ನು ಮಾತಾಡಿಸಬೇಕು? ಮಾತಾಡಿಸಬೇಕಾದವರ ಮನೆಯೂ ಬಿದ್ದಿರುತ್ತದಲ್ಲ? ಈ ಪ್ರಶ್ನೆಗೆ ನಮ್ಮ ದೇಶ ಉತ್ತರ ಹುಡುಕುತ್ತ ಬಂದ ಕಥೆಯನ್ನು ಇಲ್ಲಿ ಹೇಳುತ್ತೇವೆ.

ಬರ ಹೋಯಿತು, ರೈಲು ಬಂತು

1876-78ರ ದೊಡ್ಡ ಬರ ಆಗಿನ ಧಾರವಾಡ ಜಿಲ್ಲೆಯನ್ನು ಹಿಂಡಿ ಹಾಕಿತು. ಗದಗ ಆಗ ಅದೇ ಜಿಲ್ಲೆಯೊಳಗಿತ್ತು. ಹಸಿದವರಿಗೆ ಬರಗಾಲದ ಕಾಮಗಾರಿಯ ಕೂಲಿ ಸಿಕ್ಕಿತು, ಗಂಜಿ ಸಿಕ್ಕಿತು. ಇನ್ನೊಮ್ಮೆ ಹೀಗಾದರೆ ಕಾಳು ಸಾಗಿಸಲು ದಾರಿ ಬೇಕೆಂದು ರೈಲು ಹಾಕಿದರು. ನಾವು ಇಂದಿಗೂ ಓಡಾಡುವ ಗದಗ-ಹೊಟಗಿ ಮಾರ್ಗ 1880ರ ದಶಕದಲ್ಲಿ ಬಂದದ್ದು ಹೀಗೆ.

ಹೊಟ್ಟೆಗೆ ಗಂಜಿ, ಕಾಳಿಗೆ ರೈಲು. ಮನಸ್ಸಿಗೆ? ಧಾರವಾಡದಲ್ಲಿ 1845ರಷ್ಟು ಹಿಂದೆಯೇ ಮಾನಸಿಕ ಆಸ್ಪತ್ರೆ ಶುರುವಾಗಿತ್ತು. ಅದು ಇಂದಿನ ಡಿಮ್ಹಾನ್ಸ್. ಆದರೆ ಅಂಥ ಆಸ್ಪತ್ರೆ ಇದ್ದದ್ದು ‘ಹುಚ್ಚು’ ಎಂದು ಊರು ಹೊರಗಿಟ್ಟವರಿಗೆ. ಮಕ್ಕಳನ್ನು ಕಳೆದುಕೊಂಡು ನಿದ್ದೆಯಿಲ್ಲದೆ ಕೂತ ತಾಯಿ ಅಲ್ಲಿಗೆ ಹೋಗುವವಳಲ್ಲ. ಅವಳ ಪಾಲಿಗೆ ಉಳಿದದ್ದು ಬೀಸುವ ಕಲ್ಲಿನ ಮುಂದಿನ ಹಾಡು, ಗುಡಿಯ ಭಜನೆ, ನೆರೆಯವರ ಮಾತು.

ಸರ್ಕಸ್ ಬೆಂಕಿ ಕಲಿಸಿದ ಪಾಠ

1942ರಲ್ಲಿ ಅಮೆರಿಕದ ಬಾಸ್ಟನ್ ನಗರದ ಒಂದು ಕ್ಲಬ್ಬಿಗೆ ಬೆಂಕಿ ಬಿದ್ದು ಸುಮಾರು 490 ಜನ ಸತ್ತರು. ಎರಿಕ್ ಲಿಂಡೆಮನ್ ಎಂಬ ವೈದ್ಯ ಬದುಕುಳಿದವರನ್ನೂ, ತಮ್ಮವರನ್ನು ಕಳೆದುಕೊಂಡವರನ್ನೂ ಮಾತಾಡಿಸಿ 1944ರಲ್ಲಿ ಬರೆದರು. ಎದೆ ಬಿಗಿಯುವುದು, ಊಟ ಸೇರದಿರುವುದು, ‘ನಾನೇ ಕೈ ಬಿಟ್ಟೆ’ ಎಂಬ ಕೊರಗು ಹುಚ್ಚಿನ ಲಕ್ಷಣಗಳಲ್ಲ, ದುಃಖದ ಲಕ್ಷಣಗಳು ಎಂದು ಅವರು ತೋರಿಸಿದರು.

ನಮ್ಮ ರಾಜ್ಯಕ್ಕೆ ಅಂಥದೇ ದಿನ ಬಂದದ್ದು 1981ರ ಫೆಬ್ರವರಿ 7ರಂದು. ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿತು. 90ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಮಕ್ಕಳು. ನಿಮ್ಹಾನ್ಸ್ ಸಂಸ್ಥೆಯವರು ಸತ್ತವರ ಮನೆಯವರನ್ನು ಮಾತಾಡಿಸಿ ಅವರ ದುಃಖವನ್ನು ಅಧ್ಯಯನ ಮಾಡಿದರು. ವಿಪತ್ತು ಮನಸ್ಸಿಗೂ ಗಾಯ ಮಾಡುತ್ತದೆಂದು ನಮ್ಮ ದೇಶದಲ್ಲಿ ಬರೆದಿಟ್ಟ ಮೊದಮೊದಲ ಕೆಲಸಗಳಲ್ಲಿ ಇದೂ ಒಂದು.

ಡಾಕ್ಟರರಷ್ಟೇ ಸಾಲರು

1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ದುರಂತವಾಯಿತು. ಲಕ್ಷಗಟ್ಟಲೆ ಜನರಿಗೆ ಎಷ್ಟು ಮನೋವೈದ್ಯರು ಸಾಕಾಗುತ್ತಾರೆ? ನಿಮ್ಹಾನ್ಸಿನ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಅವರ ಜೊತೆಯವರು ಅಲ್ಲಿನ ಸಾಮಾನ್ಯ ವೈದ್ಯರಿಗೇ ಮನಸ್ಸಿನ ನೋವು ಗುರುತಿಸುವ ತರಬೇತಿ ಕೊಟ್ಟರು.

ಮರು ವರ್ಷ, 1985ರಲ್ಲಿ, ಅದೇ ಆಲೋಚನೆ ಬಳ್ಳಾರಿ ಜಿಲ್ಲೆಯಲ್ಲಿ ಬೇರೂರಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರು ಕಲಿತರು. ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಮುಂಡರಗಿಯವರಿಗೆ ಆಗಿನ ಬಳ್ಳಾರಿ ಜಿಲ್ಲೆ ಎಂದರೆ ಹೊಳೆಯ ಆಚೆ ದಂಡೆಯ ಮಾತು.

ಮುಂದಿನ ಹೆಜ್ಜೆ 1999ರ ಒಡಿಶಾದ ಮಹಾ ಚಂಡಮಾರುತ. ಅಲ್ಲಿ ಊರಿನ ಯುವಕ-ಯುವತಿಯರನ್ನೇ ಆರಿಸಿ ತರಬೇತಿ ಕೊಟ್ಟರು. ಅವರಿಗೆ ಇಟ್ಟ ಹೆಸರು ‘ಸ್ನೇಹಕರ್ಮಿ’. 2001ರ ಗುಜರಾತ್ ಭೂಕಂಪ, 2004ರ ಸುನಾಮಿಯ ನಂತರವೂ ಇದೇ ದಾರಿ ಹಿಡಿದರು. ಶಿಕ್ಷಕರು, ಅಂಗನವಾಡಿಯವರು, ಸ್ವಯಂಸೇವಕರು ವೈದ್ಯರಾಗಲಿಲ್ಲ, ಚೆನ್ನಾಗಿ ಮಾತಾಡಿಸುವವರಾದರು.

ಅವರಿಗೆ ನಿಮ್ಹಾನ್ಸ್ ಕಲಿಸಿದ್ದನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು. ಒಳಗಿದ್ದದ್ದು ಹೊರಬರಲು ಬಿಡಿ. ಅವರ ಜಾಗದಲ್ಲಿ ನಿಂತು ನೋಡಿ. ನಡುವೆ ಬಾಯಿ ಹಾಕದೆ ಕೇಳಿ. ನೆಂಟರು, ನೆರೆಯವರನ್ನು ಹತ್ತಿರ ತನ್ನಿ. ಕೈಗೊಂದು ಕೆಲಸ ಹಚ್ಚಿ. ಆಟ, ಹಾಡು, ವಿಶ್ರಾಂತಿಗೆ ಜಾಗ ಮಾಡಿ. ಅವರ ದೇವರು, ಅವರ ಭಜನೆ ಅವರಿಗೆ ಸಿಗಲಿ. ಇವನ್ನು ಓದಿದಾಗ ನಮಗೆ ನೆನಪಾದದ್ದು ನಮ್ಮ ಓಣಿಯೇ.

ನಿದ್ದೆಯ ಲೆಕ್ಕ ಎಲ್ಲಿ?

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ ಉತ್ತರ ಕರ್ನಾಟಕವನ್ನು ಮುಳುಗಿಸಿತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಮಠಗಳು, ಸಂಘಗಳು, ಕಾಲೇಜು ಹುಡುಗರು ರೊಟ್ಟಿ, ಬಟ್ಟೆ ಹೊತ್ತು ತಂದರು. ಸರಕಾರ ‘ಆಸರೆ’ ಮನೆ ಕಟ್ಟಿಸಿತು. ವಿಪತ್ತಿನಲ್ಲಿ ಮನಸ್ಸಿನ ಆರೈಕೆ ಹೇಗಿರಬೇಕೆಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಅಷ್ಟೊತ್ತಿಗೆ ನಮ್ಮ ಹೊಳೆ ಇಳಿದು ಎರಡು ತಿಂಗಳಾಗಿತ್ತು.

2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಉಕ್ಕಿ ಕೊಣ್ಣೂರು, ಹೊಳೆಆಲೂರು ಭಾಗದ ಊರುಗಳಿಗೆ ನುಗ್ಗಿತು. ನಾವೂ ಪೆನ್ನು, ಮೊಬೈಲು ಹಿಡಿದು ಹೋದೆವು. ಶಾಲೆಯೊಂದರ ಕಾಳಜಿ ಕೇಂದ್ರದಲ್ಲಿ ಕೂತಿದ್ದ ಅಜ್ಜಿಗೆ ಎಷ್ಟು ಅಂಕಣದ ಮನೆ, ಎಷ್ಟು ದನ, ಎಷ್ಟು ಚೀಲ ಜೋಳ ಎಂದು ಕೇಳಿದೆವು. ಅಜ್ಜಿ ಎಲ್ಲದಕ್ಕೂ ಉತ್ತರ ಕೊಟ್ಟು ಕೊನೆಗೆ ಅಂದಳು: “ಮನಿ ಲೆಕ್ಕ ಬರ್ಕೊಂಡ್ರಿ. ರಾತ್ರಿ ನಿದ್ದಿ ಬರವಲ್ದು. ಅದನ್ನ ಯಾರ ಹತ್ರ ಬರಸೂದ್ರಿ?”

ಬರೆದುಕೊಳ್ಳಲು ನಮ್ಮ ಹತ್ತಿರ ಅದಕ್ಕೆ ಕಾಲಮ್ಮೇ ಇರಲಿಲ್ಲ. ಸುದ್ದಿ ಕಳಿಸುವ ಹೊತ್ತಾಗಿತ್ತು. ನಾವು ಎದ್ದು ಬಂದೆವು.

ಆಮೇಲೆ ತಿಳಿದದ್ದಿಷ್ಟು. ವಿಶ್ವ ಆರೋಗ್ಯ ಸಂಸ್ಥೆಯ 2011ರ ಕೈಪಿಡಿ ಮೂರು ಕೆಲಸ ಹೇಳುತ್ತದೆ: ನೋಡುವುದು, ಕೇಳುವುದು, ಬೇಕಾದ ನೆರವಿಗೆ ಜೋಡಿಸುವುದು. ‘ಏನಾಯ್ತು ಹೇಳಿ’ ಎಂದು ಒತ್ತಾಯಿಸಬಾರದು, ಕೊಡಲಾಗದ ಭರವಸೆ ಕೊಡಬಾರದು ಎಂದೂ ಎಚ್ಚರಿಸುತ್ತದೆ. ಕ್ಯಾಮೆರಾ ಹಿಡಿದ ನಾವು ಅದನ್ನೇ ಮಾಡುತ್ತಿದ್ದೆವು.

ಹದಿಮೂರು ದಿನ ಸಾಲದು

ನಮ್ಮ ಮಾತಾಡಿಸುವ ರೀತಿ ದೊಡ್ಡದು. ಆದರೆ ಅದಕ್ಕೂ ಕೊರತೆಗಳಿವೆ. ಹದಿಮೂರು ದಿನಕ್ಕೆ ಬರುವವರು ನಿಲ್ಲುತ್ತಾರೆ, ದುಃಖ ನಿಲ್ಲುವುದಿಲ್ಲ. ಬಳಗವಿಲ್ಲದ ಒಂಟಿ ಹೆಣ್ಣುಮಗಳ ಮನೆಗೆ, ಊರ ಹೊರಗಿನ ಕೇರಿಗೆ ಎಲ್ಲರೂ ಹೋಗುವುದಿಲ್ಲ. ‘ಗಂಡಸಾಗಿ ಅಳ್ತೀಯೇನೋ’ ಎಂದು ಹೇಳಿ ಬಾಯಿ ಮುಚ್ಚಿಸುವವರೂ ನಾವೇ. ತರಬೇತಿ ಪಡೆದ ಸ್ವಯಂಸೇವಕ ತುಂಬುವುದು ಈ ಜಾಗಗಳನ್ನು. ತಿಂಗಳಾದ ಮೇಲೂ ಅವನು ಮತ್ತೆ ಬರುತ್ತಾನೆ, ಯಾರೂ ಹೋಗದ ಮನೆಗೆ ಹೋಗುತ್ತಾನೆ, ವಾರಗಟ್ಟಲೆ ನಿದ್ದೆಯಿಲ್ಲದವರನ್ನು, ‘ನಾ ಇರಬಾರದು’ ಎನ್ನುವವರನ್ನು ತಡಮಾಡದೆ ವೈದ್ಯರ ಹತ್ತಿರ ಕರೆದೊಯ್ಯುತ್ತಾನೆ.

ನಮ್ಮ ನಾಲ್ಕೂ ಕಡೆ ಇದು ಹೊಳೆ ಬಂದಾಗಷ್ಟೇ ಬೇಕಾದ್ದಲ್ಲ. ಮುಂಡರಗಿ, ಶಿರಹಟ್ಟಿಯ ತುಂಗಭದ್ರೆಯ ದಂಡೆಯವರಿಗೆ ನೀರಿನ ಭಯವಿದ್ದರೆ, ಲಕ್ಷ್ಮೇಶ್ವರದ ಎರಿ ಹೊಲದವರಿಗೆ ಮಳೆ ಬಾರದ ಭಯ. ಬರವೂ ವಿಪತ್ತೇ. ಆದರೆ ಅದು ಸದ್ದಿಲ್ಲದೆ ಬರುತ್ತದೆ, ಅದಕ್ಕೆ ಕಾಳಜಿ ಕೇಂದ್ರವಿಲ್ಲ, ಕ್ಯಾಮೆರಾ ಬರುವುದಿಲ್ಲ. ಸಾಲದ ಕಾಗದ ಹಿಡಿದು ಕಟ್ಟೆಯ ಮೇಲೆ ಮಾತು ಬಿಟ್ಟು ಕೂತವನು ನಿಮ್ಮ ಓಣಿಯಲ್ಲೇ ಇರಬಹುದು.

2022ರ ಅಕ್ಟೋಬರ್ 10ರಿಂದ ‘ಟೆಲಿ ಮಾನಸ್’ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹತ್ತಿರದ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುವ ದಿನ ಹೇಳುತ್ತಾರೆ. ನಂಬರು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಆದರೆ ಫೋನಿಗಿಂತ ಮೊದಲು ನಿಮ್ಮ ಹೆಜ್ಜೆ ಆ ಮನೆಯ ಕಡೆ ಹೋಗಲಿ. ಹದಿಮೂರನೇ ದಿನ ಮುಗಿದ ಮೇಲೂ ಒಮ್ಮೆ ಮಾತಾಡಿಸಿ ಬನ್ನಿ. ಆ ಅಜ್ಜಿಯ ಹತ್ತಿರ ನಾವು ಮಾಡದೆ ಬಂದ ಕೆಲಸ ಅದು.